ನೋವಿಲ್ಲ ಅಂತ ಸುಮ್ನೆ ಕೂರಬೇಡಿ

ಶಾಂಘೈನಿಂದ ಬರೆದ ತಮ್ಮಾ, ನಿಮ್ಮದು ಸರದಿ ಕಾಯುವ ಪತ್ರವಲ್ಲ. ಉಳಿದವನ್ನು ಬದಿಗಿಟ್ಟು ಮೊದಲು ಇದಕ್ಕೇ ಉತ್ತರ ಕೊಡುತ್ತಿದ್ದೇನೆ.

ನಿಮ್ಮ ಹೆಂಡತಿ ಅಲ್ಲಿಯವರೇ, ವಯಸ್ಸು 46. ಅವರ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆದಾಗಿನಿಂದ ಮನೆಯಲ್ಲಿ ಭಯ. ಹುಬ್ಬಳ್ಳಿಯಿಂದ ನಿಮ್ಮ ಅಕ್ಕ ದಿನಾ ಫೋನ್ ಮಾಡಿ, "ಮೂವತ್ತೈದಕ್ಕ ಹಡದಾಳ, ಮೂರ ತಿಂಗಳ ಹಾಲ ಕುಡಿಸ್ಯಾಳ, ಇನ್ನೇನ ಆಗತದ?" ಅನ್ನುತ್ತಾರೆ. ಕ್ಯಾನ್ಸರ್ ಬರುತ್ತದೆ ಅಂತ ಸೋಯಾ ಹಾಲನ್ನೂ ಬಿಡಿಸಿದ್ದಾರೆ. ಅಕ್ಕನಿಗೆ ಹೇಗೆ ಹೇಳಲಿ ಅಂತ ಕೇಳಿದ್ದೀರಿ.

ಅದು ಆಮೇಲೆ. ಪತ್ರದ ಕೊನೆಗೆ ಒಂದು ಸಾಲಿದೆ: "ಎಡಗಡೆ ಕಡಲೆಕಾಳಿನಷ್ಟು ಗಂಟು, ನಾಲ್ಕು ತಿಂಗಳಾಯಿತು, ನೋವಿಲ್ಲ, ದಿನಾ ಮುಟ್ಟಿ ನೋಡಿಕೊಳ್ಳುತ್ತಾಳೆ."

ನಾಲ್ಕು ತಿಂಗಳು! ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ, ನಿಜ. ಆದರೆ ಅದನ್ನು ಹೇಳಬೇಕಾದ್ದು ಪರೀಕ್ಷೆ, ಬೆರಳಲ್ಲ. ಶಾಂಘೈನ ಬಟ್ಟೆ ಗಿರಣಿಗಳ ಎರಡೂವರೆ ಲಕ್ಷಕ್ಕೂ ಜಾಸ್ತಿ ಹೆಂಗಸರ ಮೇಲೆ ದೊಡ್ಡ ಅಧ್ಯಯನ ನಡೆದಿತ್ತು. ಅರ್ಧದಷ್ಟು ಜನರಿಗೆ ಸ್ತನ ಮುಟ್ಟಿ ಪರೀಕ್ಷಿಸಿಕೊಳ್ಳಲು ಕಲಿಸಿದರು. 2002ರಲ್ಲಿ ಫಲಿತಾಂಶ ಬಂತು: ಅದರಿಂದ ಸಾವು ಕಡಿಮೆಯಾಗಲಿಲ್ಲ. ಗಂಟು ಕೈಗೆ ಸಿಕ್ಕ ಮೇಲೆ ಮುಂದಿನ ಕೆಲಸ ಡಾಕ್ಟರದು.

46 ಸಣ್ಣ ವಯಸ್ಸು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಈ ಕಾಯಿಲೆ ಪತ್ತೆಯಾಗುವ ಸರಾಸರಿ ವಯಸ್ಸು 60 ದಾಟಿದೆ. ಚೀನಾದಲ್ಲಿ ಜಾಸ್ತಿ ಕಾಣಿಸುವುದು 45ರಿಂದ 55ರೊಳಗೆ.

ಇನ್ನು ನಿಮ್ಮ ಅಕ್ಕ. ಅವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂದಿದೆ. ತಡವಾದ ಹೆರಿಗೆ, ಕಡಿಮೆ ಹಾಲೂಡಿಸುವುದು ಅಪಾಯವನ್ನು ತುಸು ಏರಿಸುತ್ತವೆ, ಸುಳ್ಳಲ್ಲ. ಆದರೆ ಪೂರ್ತಿ ಒಂದು ವರ್ಷ ಹಾಲೂಡಿಸಿದರೂ ಇಳಿಯುವುದು ಸುಮಾರು ಶೇ 4ರಷ್ಟು. ಅಷ್ಟಕ್ಕೆ ಒಬ್ಬ ತಾಯಿಯನ್ನು ದಿನಾ ಕಟಕಟೆಯಲ್ಲಿ ನಿಲ್ಲಿಸುವುದೇ? ಸೋಯಾ ಮಾತಂತೂ ಪೂರ್ತಿ ತಲೆಕೆಳಗು. ಶಾಂಘೈನಲ್ಲೇ 70 ಸಾವಿರಕ್ಕೂ ಜಾಸ್ತಿ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಹದಿಹರೆಯದಿಂದ ಸೋಯಾ ಚೆನ್ನಾಗಿ ತಿಂದವರಲ್ಲಿ, ಮುಟ್ಟು ನಿಲ್ಲುವ ಮೊದಲು ಬರುವ ಸ್ತನ ಕ್ಯಾನ್ಸರ್ ಕಡಿಮೆಯೇ ಇತ್ತು. ಬೆಳಗಿನ ಆ ಲೋಟ ಅವರಿಗೆ ವಾಪಸ್ ಕೊಡಿ.

ಗಂಡಂದಿರಿಗೆ ನಾನು ಯಾವಾಗಲೂ ಹೇಳುವುದು ಇದೇ: ಜೊತೆಗೆ ಹೋಗಿ. ಈ ವಾರವೇ ರಜೆ ಹಾಕಿ. ಮ್ಯಾಮೋಗ್ರಾಮ್ (ಸ್ತನದ ಎಕ್ಸ್-ರೇ) ಜೊತೆ ಅಲ್ಟ್ರಾಸೌಂಡ್ ಕೂಡ ಕೇಳಿ. ಈ ವಯಸ್ಸಿನ ಚೀನಾದ ಹೆಂಗಸರಲ್ಲಿ ಸ್ತನದ ಅಂಗಾಂಶ ಸಾಮಾನ್ಯವಾಗಿ ದಟ್ಟ, ಮ್ಯಾಮೋಗ್ರಾಮ್ ಒಂದಕ್ಕೇ ಗಂಟು ತಪ್ಪಿಹೋಗಬಹುದು. ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ನೋಡುವ ಪರೀಕ್ಷೆ, ಬೇಕು ಅಂದರೆ ಮುಂದೂಡಬೇಡಿ. ರಿಪೋರ್ಟ್ ಕೈಗೆ ಬರುವ ತನಕ ಅಕ್ಕನ ಫೋನ್ ಎತ್ತಬೇಡಿ.