ಮುಕ್ತ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ: ಕಾಸರಗೋಡಿನವರಿಗೆ ದಾರಿ ಯಾವುದು?

ಮಂಜೇಶ್ವರದಲ್ಲಿದ್ದುಕೊಂಡು ದೂರಶಿಕ್ಷಣದಲ್ಲಿ ಕನ್ನಡ ಎಂಎ ಮುಗಿಸಿದ್ದೀರಿ, ಹಾಗೆಯೇ ಮನೆಯಲ್ಲೇ ಕೂತು ಪಿಎಚ್‌ಡಿ ಮಾಡಬಹುದಾ, ಮುಕ್ತ ವಿವಿಗಳಲ್ಲಿ ಏನೆಲ್ಲ ಸಂಶೋಧನೆ ನಡೆಯುತ್ತದೆ, ಹತ್ತಿರದ ಕೇಂದ್ರ ಯಾವುದು ಅಂತ ಕೇಳಿದ್ದೀರಿ. ನಾನೂ ಕುಂಬಳೆ ಕಡೆಯವನೇ. ಶಾಲೆಯಲ್ಲಿ ಪಾಠ ಮಾಡುತ್ತಾ ಪಾರ್ಟ್‌ಟೈಮ್ ಪಿಎಚ್‌ಡಿ ಮಾಡುತ್ತಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಮನೆಯಲ್ಲೇ ಕೂತು ಆಗುವುದಿಲ್ಲ. ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಪಿಎಚ್‌ಡಿ ಕೊಡಬಾರದು ಅಂತ ಯುಜಿಸಿಯ (ವಿವಿಗಳಿಗೆ ನಿಯಮ ಮಾಡುವ ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮ ಹೇಳುತ್ತದೆ. ಹಾಗಂತ ಮುಕ್ತ ವಿವಿಗಳಲ್ಲಿ ಸಂಶೋಧನೆಯೇ ಇಲ್ಲ ಅಂತಲ್ಲ. ಇಗ್ನೋ ಅಂದರೆ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿಯಲ್ಲೂ ಇದೆ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿವಿಯಲ್ಲೂ ಇದೆ. ಆದರೆ ಅದು ಉಳಿದ ವಿವಿಗಳಂತೆ ರೆಗ್ಯುಲರ್ ಪಿಎಚ್‌ಡಿ. ಕೋರ್ಸ್‌ವರ್ಕ್ (ತರಗತಿಯ ಓದು) ಮಾಡಬೇಕು, ಗೈಡ್ ಎದುರು ಕೂರಬೇಕು, ಪ್ರಗತಿ ತೋರಿಸಬೇಕು. ಕನಿಷ್ಠ 3 ವರ್ಷ, ಸಾಮಾನ್ಯವಾಗಿ 6 ವರ್ಷದೊಳಗೆ ಮುಗಿಸಬೇಕು. ಕೆಲಸದಲ್ಲಿರುವವರಿಗೆ ಪಾರ್ಟ್‌ಟೈಮ್ ಅವಕಾಶ ಇದೆ, ಆಫೀಸಿನಿಂದ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ಬೇಕು.

ಇನ್ನು ಕೇಂದ್ರದ ವಿಚಾರ. ನಮ್ಮೂರಲ್ಲಿ ಎಲ್ಲರೂ ಎಡವುವುದು ಇಲ್ಲೇ. ಇಗ್ನೋದ ಪ್ರಾದೇಶಿಕ ಕೇಂದ್ರ ಕಾಸರಗೋಡಿನವರಿಗೆ ವಡಗರದಲ್ಲಿದೆ. ಕೇರಳದ ಶ್ರೀನಾರಾಯಣಗುರು ಮುಕ್ತ ವಿವಿ 2020ರಲ್ಲಿ ಶುರುವಾದದ್ದು, ಅದರ ಪ್ರಾದೇಶಿಕ ಕೇಂದ್ರ ತಲಶ್ಶೇರಿಯಲ್ಲಿದೆ. ಮೈಸೂರಿನ ವಿವಿ ಕರ್ನಾಟಕದ ಗಡಿ ದಾಟಿ ಕೇಂದ್ರ ತೆರೆಯುವ ಹಾಗಿಲ್ಲ, ಹಾಗಾಗಿ ನಮಗೆ ತಲಪಾಡಿ ದಾಟಿ ಮಂಗಳೂರೇ ಗತಿ. ಇವೆಲ್ಲ ಪ್ರವೇಶ, ಪುಸ್ತಕ, ಪರೀಕ್ಷೆಗೆ ಸಂಬಂಧಪಟ್ಟ ಕೇಂದ್ರಗಳು. ಸಂಶೋಧನೆ ನಡೆಯುವುದು ಮೂಲ ಕ್ಯಾಂಪಸ್ಸಿನ ವಿಭಾಗಗಳಲ್ಲಿ. ಅಂದರೆ ಇಗ್ನೋ ಆದರೆ ದೆಹಲಿಯ ಮೈದಾನ್‌ಗಢಿ, ಕರ್ನಾಟಕದ್ದಾದರೆ ಮೈಸೂರಿನ ಮುಕ್ತಗಂಗೋತ್ರಿ. ಹತ್ತಿರದ ಕೇಂದ್ರ ಹುಡುಕುವುದರಲ್ಲಿ ಅರ್ಥ ಇಲ್ಲ ಮಾರಾಯ್ರೆ, ಗೈಡ್ ಹುಡುಕಿ.

ಅದು ಹೇಗೆ ಅಂದರೆ, ಶೋಧಗಂಗಾ ಅಂತ ಒಂದು ಜಾಲತಾಣ ಇದೆ. ದೇಶದ ವಿವಿಗಳ ಪಿಎಚ್‌ಡಿ ಪ್ರಬಂಧಗಳನ್ನು ಅಲ್ಲಿ ಸುಮ್ನೆ ಓದಬಹುದು, ದುಡ್ಡು ಕೊಡಬೇಕಿಲ್ಲ. ವಿವಿಯ ಹೆಸರು ಆರಿಸಿ, ವಿಭಾಗಕ್ಕೆ ಹೋಗಿ. ಒಂದೊಂದು ಪ್ರಬಂಧವೂ ಬಿಡಿಬಿಡಿ ಪಿಡಿಎಫ್‌ಗಳಾಗಿ ಇರುತ್ತದೆ: ಶೀರ್ಷಿಕೆ ಪುಟ, ಪ್ರಮಾಣಪತ್ರ, ಆಮೇಲೆ ಅಧ್ಯಾಯಗಳು. ಗೈಡ್ ಹೆಸರೂ ಅಲ್ಲೇ ಇರುತ್ತದೆ. ಒಬ್ಬರ ಕೈಕೆಳಗೆ ಯಾವ ಯಾವ ವಿಷಯ ಆಗಿದೆ ನೋಡಿದರೆ ಅವರ ಆಸಕ್ತಿ ತಿಳಿಯುತ್ತದೆ. ವಿಭಾಗದ ಪುಟದಲ್ಲಿ ಬರೆದಿರುವ ‘ಸಂಶೋಧನಾ ಕ್ಷೇತ್ರಗಳು’ ಪಟ್ಟಿಗಿಂತ ಇದು ನಂಬಿಕೆಗೆ ಅರ್ಹ. ಆ ಪಟ್ಟಿಯಲ್ಲಿ ಎಲ್ಲರಿಗೂ ಎಲ್ಲವೂ ಆಸಕ್ತಿ! ಇನ್ನೊಂದು ವಿಷಯ: ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ಗೈಡ್ ಪ್ರೊಫೆಸರ್ ಆದರೆ ಒಂದು ಹೊತ್ತಿಗೆ ಅವರ ಕೈಕೆಳಗೆ ಒಟ್ಟು 8 ಜನ, ಅಸಿಸ್ಟೆಂಟ್ ಪ್ರೊಫೆಸರ್ ಆದರೆ 4 ಜನ ಮಾತ್ರ. ಸೀಟು ಖಾಲಿ ಇದೆಯಾ ಅಂತ ಮೊದಲೇ ವಿಚಾರಿಸಿ.

ವಿಷಯಗಳಿಗೆ ಬರೋಣ. ಇಗ್ನೋದಲ್ಲಿ ಅನುವಾದ ಅಧ್ಯಯನ, ಸಮಾಜಕಾರ್ಯ, ಲಿಂಗತ್ವ ಅಧ್ಯಯನ, ಪತ್ರಿಕೋದ್ಯಮ ಇವಕ್ಕೆಲ್ಲ ಪ್ರತ್ಯೇಕ ಸ್ಕೂಲ್‌ಗಳಿವೆ. ಇವುಗಳ ಜೊತೆಗೆ ‘ಸ್ಟ್ರೈಡ್’ ಅಂತ ಒಂದು ಸಂಸ್ಥೆ ಇದೆ, 1993ರದ್ದು. ದೂರಶಿಕ್ಷಣವನ್ನೇ ಸಂಶೋಧನೆಯ ವಿಷಯ ಮಾಡಿಕೊಂಡದ್ದು. ಓದುವವರು ಮಧ್ಯದಲ್ಲಿ ಯಾಕೆ ಬಿಡುತ್ತಾರೆ, ಪಾಠಪುಸ್ತಕ ಒಬ್ಬರೇ ಕೂತು ಓದುವಂತೆ ಇದೆಯಾ, ಫೋನಿನಲ್ಲಿ ಪಾಠ ಎಷ್ಟು ತಲುಪುತ್ತದೆ, ಇಂಥ ಪ್ರಶ್ನೆಗಳು. ನನ್ನನ್ನು ಕೇಳಿದರೆ ಇದೇ ನಿಮಗೆ ಸರಿಯಾದ ಜಾಗ. ಮನೆಯಲ್ಲಿ ತುಳುವೋ ಬ್ಯಾರಿಯೋ ಮಾತಾಡಿ, ಕನ್ನಡ ಮಾಧ್ಯಮದಲ್ಲಿ ಓದಿ, ಅರ್ಜಿ ಮಲಯಾಳದಲ್ಲಿ ತುಂಬಿ, ಪರೀಕ್ಷೆಗೆ ಮಂಗಳೂರಿಗೆ ಹೋಗುವ ವಿದ್ಯಾರ್ಥಿ ನಮ್ಮಲ್ಲಿ ಬಿಟ್ಟರೆ ಎಲ್ಲಿ ಸಿಗುತ್ತಾನೆ? ನಮ್ಮ ಕಡೆಯವರು ಸಾಮಾನ್ಯವಾಗಿ ಆರಿಸುವ ಯಕ್ಷಗಾನ, ಗೋವಿಂದ ಪೈ ಬಗ್ಗೆ ಈಗಾಗಲೇ ಜಾಸ್ತಿ ಕೆಲಸ ಆಗಿದೆ.

ಪ್ರವೇಶಕ್ಕೆ ಎಂಎಯಲ್ಲಿ ಶೇ. 55 ಬೇಕು, ಮೀಸಲಾತಿ ಇದ್ದರೆ ಶೇ. 5 ರಿಯಾಯಿತಿ. 2024ರಿಂದ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕವನ್ನೇ ಪಿಎಚ್‌ಡಿ ಪ್ರವೇಶಕ್ಕೂ ಬಳಸಬಹುದು. ಜೆಆರ್‌ಎಫ್ (ನೆಟ್‌ನಲ್ಲಿ ಸಿಗುವ ಸಂಶೋಧನಾ ಫೆಲೋಶಿಪ್) ಸಿಗದವರಿಗೆ ಆಯ್ಕೆಯಲ್ಲಿ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ಆ ಅಂಕಕ್ಕೆ ಒಂದೇ ವರ್ಷ ಬೆಲೆ.

ಎಂಎ ಮೈಸೂರಿನ ಮುಕ್ತ ವಿವಿಯದ್ದಾದರೆ ಯಾವ ವರ್ಷದ್ದು ನೋಡಿಕೊಳ್ಳಿ. 2013-14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ಮಾನ್ಯತೆ ಇದ್ದ ಕಾಲದ ದೂರಶಿಕ್ಷಣದ ಡಿಗ್ರಿಗೆ ರೆಗ್ಯುಲರ್ ಡಿಗ್ರಿಯಷ್ಟೇ ಬೆಲೆ.

ದೆಹಲಿ, ಮೈಸೂರು ದೂರ ಅನಿಸಿದರೆ ಮುಕ್ತ ವಿವಿಯೇ ಆಗಬೇಕೆಂಬ ಹಟ ಬೇಡ. ವಿದ್ಯಾನಗರದ ಸರ್ಕಾರಿ ಕಾಲೇಜಿನ ಕನ್ನಡ ವಿಭಾಗದಲ್ಲಿ ಸಂಶೋಧನೆಗೆ ಅವಕಾಶ ಇದೆ, ಡಿಗ್ರಿ ಕಣ್ಣೂರು ವಿವಿಯದ್ದು. ಮಂಗಳೂರು ವಿವಿ ಇರುವ ಕೊಣಾಜೆ ಅಂತೂ ನಿಮಗೆ ಕಾಸರಗೋಡಿಗಿಂತ ಹತ್ತಿರ.