ನಾಲ್ಕನೇ ತರಗತಿಯ ಮಗನಿಗೆ ಪಾಠದ ಮುಖ್ಯಾಂಶ ಗುರುತಿಸಲು ಬರುವುದಿಲ್ಲ. ಯಾವ ಅಭ್ಯಾಸ ಪುಸ್ತಕ ಕೊಳ್ಳಲಿ?

ಯಾವುದೂ ಬೇಡ. ನಾನು ಮೂರು ಕೊಂಡಿದ್ದೆ, ಮೂರೂ ಈಗ ಅಟ್ಟದಲ್ಲಿವೆ.

‘ಗದ್ಯಭಾಗವನ್ನು ಮೂರನೆಯ ಒಂದು ಭಾಗಕ್ಕೆ ಸಂಕ್ಷೇಪಿಸಿ, ಸೂಕ್ತ ಶೀರ್ಷಿಕೆ ಕೊಡಿ’ ಎಂಬ ಪ್ರಶ್ನೆಗೆ ಬೆವರಿದ ತಲೆಮಾರು ನಮ್ಮದು. ಆಗ ನನ್ನನ್ನು ಪಾರು ಮಾಡಿದ ಉಪಾಯವನ್ನೇ ಮಗಳಿಗೂ ದಾಟಿಸಿದೆ: ಮೊದಲ ವಾಕ್ಯ ನೋಡು, ಯಾವ ಪದ ಹೆಚ್ಚು ಸಲ ಬಂದಿದೆ ಎಣಿಸು. ಪಾಪ, ಅವಳು ಪೆನ್ಸಿಲ್ ಹಿಡಿದು ಎಣಿಸುತ್ತಿದ್ದಳು, ನಾನು ಬೀಗುತ್ತಿದ್ದೆ.

ಪರೀಕ್ಷೆಗೆ ರಾಗಿಯ ಮೇಲೊಂದು ಗದ್ಯಭಾಗ ಬಂತು. ಮಳೆ ಕೈಕೊಟ್ಟ ವರ್ಷದಿಂದ ಶುರು. ಆಮೇಲೆ ಹಗೇವಿನ ವರ್ಣನೆ: ನೆಲದಡಿಯ ಆ ಗುಂಡಿಯಲ್ಲಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿದ ರಾಗಿ, ಬರ ಬಂದಾಗ ಅದನ್ನು ತೆಗೆದು ಊರು ಉಂಡದ್ದು. ಮಗಳು ಬರೆದ ಮುಖ್ಯಾಂಶ: ‘ಮಳೆ’. ಪಕ್ಕದಲ್ಲಿ ಪೆನ್ಸಿಲಿನ ಗೀಟುಗಳು. ಮಳೆಗೆ ಏಳು, ರಾಗಿಗೆ ಐದು. ಎರಡು ಅಂಕ ಹೋದದ್ದು ದೊಡ್ಡದಲ್ಲ, ಆಮೇಲೆ ಒಂದು ವರ್ಷ ಅವಳು ಕಥೆಗಳನ್ನೂ ಎಣಿಸುತ್ತಲೇ ಓದಿದಳು.

ನನ್ನ ತಪ್ಪನ್ನು ಬಿಡಿಸಿ ಹೇಳಬೇಕು, ಏಕೆಂದರೆ ನನಗೇ ಅದು ಹೊಳೆಯಲು ತಿಂಗಳುಗಳು ಹಿಡಿದವು. ‘ಮಳೆ’ಯ ಬದಲು ‘ರಾಗಿ’ ಎಂದು ಬರೆದಿದ್ದರೂ ಅದು ತಪ್ಪೇ. ರಾಗಿ ಎಂಬುದು ವಿಷಯ. ‘ಕೂಡಿಟ್ಟ ರಾಗಿ ಬರಗಾಲದಲ್ಲಿ ಊರನ್ನು ಕಾಯಿತು’ ಎಂಬುದು ಮುಖ್ಯಾಂಶ. ಅದಕ್ಕೆ ಕ್ರಿಯಾಪದ ಬೇಕು. ಎಣಿಸಿದರೆ ಸಿಗುವುದು ಬರೀ ನಾಮಪದ. ಇನ್ನೂ ದೊಡ್ಡ ತಮಾಷೆಯೆಂದರೆ, ಆ ವಾಕ್ಯ ಗದ್ಯಭಾಗದಲ್ಲಿ ಎಲ್ಲಿಯೂ ಇರಲಿಲ್ಲ. ಇಲ್ಲದ್ದನ್ನು ಹುಡುಕಲು ನಾನು ಮಗುವನ್ನು ಕಳಿಸಿದ್ದೆ. ಅದನ್ನು ಓದಿದವರೇ ಕಟ್ಟಿಕೊಳ್ಳಬೇಕಿತ್ತು.

ಸರಿಪಡಿಸಿದ್ದು ನನ್ನ ಅತ್ತೆ. ಮೊರದಲ್ಲಿ ಅಕ್ಕಿ ಆರಿಸುತ್ತಾ, ಕನ್ನಡಕವಿಲ್ಲ ಎಂಬ ನೆಪ ಹೇಳಿ, ‘ಏನಂತೆ ಅದರಲ್ಲಿ?’ ಎಂದು ಕೇಳುತ್ತಿದ್ದರು. ‘ರಾಗಿ’ ಎಂದರೆ ಬಿಡುತ್ತಿರಲಿಲ್ಲ. ‘ರಾಗಿಗೆ ಏನಾಯಿತಂತೆ?’ ಮೊಮ್ಮಗಳು ಪೂರ್ತಿ ವಾಕ್ಯ ಹೇಳಲೇಬೇಕು. ಅದು ಉದ್ದವಾದರೆ ಅತ್ತೆಯ ಗಮನ ಅಕ್ಕಿಯ ಕಲ್ಲಿನ ಕಡೆಗೆ ಹೋಗುತ್ತಿತ್ತು, ಹಾಗಾಗಿ ಚಿಕ್ಕದಾಗಿಯೂ ಹೇಳಬೇಕು. ನೀವೂ ‘ಮುಖ್ಯಾಂಶ’ ಎಂಬ ಪದವನ್ನು ಮನೆಯಲ್ಲಿ ಕೆಲವು ತಿಂಗಳು ಎತ್ತಬೇಡಿ. ಕೆಲವು ಗದ್ಯಭಾಗಗಳಲ್ಲಿ ಅದು ಇರುವುದೂ ಇಲ್ಲ, ನಾಲ್ಕು ಮಾಹಿತಿ ಸಾಲಾಗಿ ನಿಂತಿರುತ್ತವೆ ಅಷ್ಟೇ, ಅಂಥವನ್ನು ಪಕ್ಕಕ್ಕಿಡಿ.

ಅಂದಹಾಗೆ, ನಿಮ್ಮ ಮಗನಿಗೆ ಬರುವುದಿಲ್ಲ ಎಂಬುದನ್ನು ನಾನು ನಂಬುವುದಿಲ್ಲ. ತರಗತಿಯ ಜಗಳವನ್ನು ವರದಿ ಮಾಡುವಾಗ ಅವನು ಯಾವ ವಾಕ್ಯದಿಂದ ಶುರು ಮಾಡುತ್ತಾನೆ? ‘ಅಮ್ಮಾ, ಮೊದಲು ಹೊಡೆದದ್ದು ಅವನೇ.’