ನೀವು ಕೇಳಿದ್ದು: ಒಂದೇ ದಿನ ಸ್ನೋ, ಮಳೆ, ಐಸು, ಇದೆಂಥ ಹವಾಮಾನ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿರೋ ಮಕ್ಕಳು ಮೊಮ್ಮಕ್ಕಳ ಬಗ್ಗೆ. ರಾಲಿ, ಕ್ಯಾರಿ, ಶಾರ್ಲೆಟ್ ಕಡೆ ನಮ್ಮ ಕನ್ನಡದವರು ತುಂಬಾ ಜನ ಇದಾರೆ, ಆ ಊರುಗಳ ಚಳಿಗಾಲಾನೂ ಸ್ವಲ್ಪ ವಿಚಿತ್ರವೇ, ಅದಕ್ಕೆ ಎಲ್ಲಾನೂ ಒಟ್ಟಿಗೆ ತಗೊಂಡಿದೀನಿ.

ಮಗ ಸೊಸೆ ಕ್ಯಾರಿಲಿದಾರೆ. "ಬೆಳಗ್ಗೆ ಸ್ನೋ, ಮಧ್ಯಾಹ್ನ ಸ್ಲೀಟ್, ರಾತ್ರಿ ಫ್ರೀಜಿಂಗ್ ರೇನ್, ಮಾರನೇ ದಿನ ಬರೀ ಮಳೆ ಅಂತ ಫೋರ್ಕಾಸ್ಟ್ ಇದೆ ಅಮ್ಮ" ಅಂದ. ಒಂದೇ ಊರಲ್ಲಿ ಇಷ್ಟೆಲ್ಲಾ ಹೇಗೆ ಬೀಳತ್ತೆ?
– ಒಬ್ಬ ತಾಯಿ, ಶಿವಮೊಗ್ಗ

ಬೀಳತ್ತೆ ಅಮ್ಮ, ಮಗ ಹೇಳಿದ್ದು ಸರಿಯಾಗೇ ಇದೆ. ಚಳಿಗಾಲದಲ್ಲಿ ಅಲ್ಲಿ ಮೋಡದಿಂದ ಹೊರಡೋದು ಹೆಚ್ಚಾಗಿ ಹಿಮವೇ, ಕೆಳಗೆ ಬರೋ ದಾರಿಲಿ ಎಂಥ ಗಾಳಿ ಸಿಗತ್ತೆ ಅನ್ನೋದರ ಮೇಲೆ ಅದು ಏನಾಗಿ ನೆಲ ಮುಟ್ಟತ್ತೆ ಅಂತ ನಿರ್ಧಾರ ಆಗೋದು. ದಾರಿ ಪೂರ್ತಿ ಸೊನ್ನೆ ಡಿಗ್ರಿಗಿಂತ ಕೆಳಗಿದ್ರೆ ಸ್ನೋ ಸ್ನೋ ಆಗೇ ಬೀಳತ್ತೆ. ನಡುವೆ ಒಂದೆರಡು ಕಿಲೋಮೀಟರ್ ಎತ್ತರದಲ್ಲಿ ಬೆಚ್ಚಗಿನ ಗಾಳಿಯ ಪದರ ನುಗ್ಗಿದ್ರೆ ಹಿಮ ಕರಗಿ ಹನಿ ಆಗತ್ತೆ, ಆಮೇಲೆ ಕೆಳಗಿನ ತಣ್ಣನೆ ಪದರ ದಪ್ಪ ಇದ್ರೆ ಆ ಹನಿ ಮತ್ತೆ ಗಟ್ಟಿಯಾಗಿ ಸಣ್ಣ ಐಸ್ ಹರಳಾಗತ್ತೆ, ಅದೇ ಸ್ಲೀಟ್, ಕಿಟಕಿ ಗಾಜಿಗೆ ಟಪಟಪ ಅಂತ ಬಡಿಯತ್ತೆ. ತಣ್ಣನೆ ಪದರ ತೆಳ್ಳಗಿದ್ರೆ ಮಾತ್ರ ಕಷ್ಟ, ಹನಿಗೆ ಗಟ್ಟಿಯಾಗೋಕೆ ಟೈಮೇ ಸಿಗಲ್ಲ, ಸೊನ್ನೆಗಿಂತ ಕೆಳಗಿದ್ರೂ ನೀರಾಗೇ ಇಳಿದು ಕೊಂಬೆ, ಕರೆಂಟ್ ತಂತಿ, ಮನೆ ಮೆಟ್ಟಿಲು ಏನು ಮುಟ್ಟತ್ತೋ ಅದರ ಮೇಲೆ ಗಾಜಿನ ಥರ ಹೆಪ್ಪುಗಟ್ಟತ್ತೆ. ಇದು ಫ್ರೀಜಿಂಗ್ ರೇನ್. ಒಳಗೆ ಕೂತು ನೋಡಿದ್ರೆ ಮಾಮೂಲಿ ಜಿಟಿಜಿಟಿ ಮಳೆ ಥರಾನೇ ಕಾಣತ್ತೆ, ನನಗೆ ಹೆಚ್ಚು ಭಯ ಆಗೋದು ಅದಕ್ಕೇ.

ಆ ಕಡೆ ಇದು ಪದೇ ಪದೇ ಆಗೋಕೆ ಕಾರಣ ಅಪಲೇಶಿಯನ್ ಬೆಟ್ಟಸಾಲು. ಉತ್ತರದಲ್ಲಿ ನ್ಯೂಯಾರ್ಕ್, ನ್ಯೂ ಇಂಗ್ಲೆಂಡ್ ಕಡೆ ಹೈ ಪ್ರೆಶರ್ (ಗಾಳಿಯ ಒತ್ತಡ ಹೆಚ್ಚಿರೋ ಪ್ರದೇಶ) ಕೂತಾಗ ಅಲ್ಲಿನ ಭಾರದ ತಣ್ಣನೆ ಒಣಗಾಳಿ ಕೆಳಗೆ ಹರಿದು ಬಂದು, ಬೆಟ್ಟ ಹತ್ತೋಕಾಗದೆ ಕೆರೆ ಏರಿಗೆ ನೀರು ನಿಂತಂಗೆ ಬೆಟ್ಟದ ಪೂರ್ವಕ್ಕೆ ನಿಂತುಬಿಡತ್ತೆ. ಅದೇ ಹೊತ್ತಿಗೆ ದಕ್ಷಿಣದಿಂದ ಮೆಕ್ಸಿಕೋ ಕೊಲ್ಲಿ, ಅಟ್ಲಾಂಟಿಕ್ ಕಡೆಯ ಬೆಚ್ಚನೆ ತೇವದ ಗಾಳಿ ಇದರ ಮೇಲೆ ಹತ್ತಿ ಹೋಗತ್ತೆ. ಮೇಲೆ ಬೆಚ್ಚಗೆ ಕೆಳಗೆ ತಣ್ಣಗೆ, ಗಂಟೆ ಗಂಟೆಗೂ ಪದರಗಳ ದಪ್ಪ ಬದಲಾಗ್ತಾ ಹೋಗತ್ತೆ, ಅದಕ್ಕೇ ನಿಮ್ಮ ಮಗ ಹೇಳಿದ ಆ ನಾಲ್ಕೂ ಸಾಲಾಗಿ ಬರೋದು.

ಮಗಳು ಶಾರ್ಲೆಟ್‌ನಲ್ಲಿದಾಳೆ. ಅಲ್ಲಿನ ಫೋರ್ಕಾಸ್ಟ್‌ನಲ್ಲಿ "1 ರಿಂದ 5 ಇಂಚು ಸ್ನೋ" ಅಂತ ಹಾಕ್ತಾರೆ, ಕೊನೆಗೆ ಒಂದಿಂಚೂ ಬೀಳಲ್ಲ. ಇಂಥದ್ದನ್ನ ನಂಬೋದು ಹೇಗೆ?
– ಓದುಗರು, ಬೆಂಗಳೂರು

ದಯವಿಟ್ಟು ನಂಬಿ, ಆದ್ರೆ ನೋಡಬೇಕಾಗಿರೋ ನಂಬರ್ ಬೇರೆ ಇದೆ. ಮೇಲಿನ ಬೆಚ್ಚನೆ ಪದರ ಒಂದೇ ಡಿಗ್ರಿ ಹೆಚ್ಚಾದ್ರೂ 5 ಇಂಚು ಸ್ನೋ ಆಗಬೇಕಿದ್ದಿದ್ದು ಸ್ಲೀಟೋ ಮಳೆಯೋ ಆಗಿಬಿಡತ್ತೆ. ಅದೇ ರಾಜ್ಯದ ಗ್ರೀನ್ಸ್‌ಬರೋ ಊರಿಂದ ಸಾಮಾನ್ಯವಾಗಿ ದಿನಕ್ಕೆ 2 ಸಲ ಬಲೂನ್ ಬಿಟ್ಟು ಮೇಲಿನ ಟೆಂಪರೇಚರ್ ಅಳೀತಾರೆ, ಆದ್ರೂ ಸ್ನೋಗೂ ಮಳೆಗೂ ನಡುವಿನ ಗಡಿ ಗೆರೆ 30–40 ಕಿಲೋಮೀಟರ್ ಆಚೀಚೆ ಸರಿದ್ರೆ ಒಂದಿಡೀ ಊರಿನ ಲೆಕ್ಕ ಬದಲಾಗತ್ತೆ. ಅಂಥ ದಿನ ಒಂದೇ ನಂಬರ್ ಹೇಳೋರಿಗಿಂತ ಇಷ್ಟರಿಂದ ಇಷ್ಟು ಅಂತ ಹೇಳೋರೇ ಪ್ರಾಮಾಣಿಕರು ಅಂತ ನನ್ನ ಅಭಿಪ್ರಾಯ.

ಮಗಳಿಗೆ ಹೇಳಿ, ಸ್ನೋ ಎಷ್ಟು ಇಂಚು ಅನ್ನೋದನ್ನ ಆಮೇಲೆ ನೋಡಲಿ, ಮೊದಲು "ಐಸ್ ಅಕ್ಯುಮುಲೇಶನ್" ಅಂತ, ಅಂದ್ರೆ ಎಷ್ಟು ದಪ್ಪ ಐಸ್ ಮೆತ್ಕೊಳ್ಳತ್ತೆ ಅಂತ ಇರೋ ಸಾಲು ಓದಲಿ. ಅಲ್ಲಿ ಕಾಲು ಇಂಚು ಅಥವಾ ಜಾಸ್ತಿ ಇದ್ರೆ ಅಮೆರಿಕದ ಸರ್ಕಾರಿ ಹವಾಮಾನ ಇಲಾಖೆ ನ್ಯಾಷನಲ್ ವೆದರ್ ಸರ್ವಿಸ್‌ನವರು ಐಸ್ ಸ್ಟಾರ್ಮ್ ವಾರ್ನಿಂಗ್ ಕೊಡ್ತಾರೆ. ಕಾಲು ಇಂಚು ಅಂದ್ರೆ ಬರೀ 6 ಮಿಲಿಮೀಟರ್, ಕೇಳೋಕೆ ಏನೂ ಅಲ್ಲ ಅನ್ಸತ್ತೆ, ಆದ್ರೆ ಆ ಊರು ಪೂರ್ತಿ ಪೈನ್ ಮರ, ಒಂದೊಂದು ಸೂಜಿ ಎಲೆಗೂ ಐಸ್ ಮೆತ್ಕೊಂಡ್ರೆ ಕೊಂಬೆ ಮುರಿದು ತಂತಿ ಮೇಲೆ ಬೀಳತ್ತೆ. 2002ರ ಡಿಸೆಂಬರ್ 4–5ರಂದು ಇದೇ ಆಗಿದ್ದು, ಎರಡೂ ಕ್ಯಾರೊಲೈನಾ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಕನೆಕ್ಷನ್‌ಗೆ ಕರೆಂಟ್ ಇರಲಿಲ್ಲ, ಎಷ್ಟೋ ಮನೆಗಳಿಗೆ ದಿನಗಟ್ಟಲೆ ಬರಲಿಲ್ಲ. 1998ರ ಜನವರಿಲಿ ಕೆನಡಾದ ಮಾಂಟ್ರಿಯಲ್ ಸುತ್ತ ಅಂತೂ ಫ್ರೀಜಿಂಗ್ ರೇನ್ ದಿನಗಟ್ಟಲೆ ಸುರಿದು ದೊಡ್ಡ ದೊಡ್ಡ ಸ್ಟೀಲ್ ಟವರ್‌ಗಳೇ ಮಡಚಿ ಬಿದ್ದಿದ್ದವು, ಹಿಮ ಹೊಸದೇ ಅಲ್ಲದ ಊರದು.

ಹಾಗಂತ ಕಮ್ಮಿ ಸ್ನೋ ಅಂತ ಉದಾಸೀನ ಮಾಡೋದೂ ಬೇಡ. 2005ರ ಜನವರಿ 19ರಂದು ರಾಲಿಲಿ ಬಿದ್ದಿದ್ದು ಒಂದಿಂಚೂ ಇಲ್ಲ, ಆದ್ರೆ ರಸ್ತೆ ಮೊದಲೇ ಕೊರೆಯೋಷ್ಟು ತಣ್ಣಗಿತ್ತು, ಟೈರ್ ಕೆಳಗೆ ಹಿಮ ಕರಗಿ ತಕ್ಷಣ ಮತ್ತೆ ಐಸ್ ಆಯ್ತು, ಎಲ್ಲರೂ ಒಟ್ಟಿಗೆ ಆಫೀಸ್ ಬಿಟ್ಟು ಹೊರಟಿದ್ದಕ್ಕೆ ಊರೇ ಜಾಮ್ ಆಗಿ ಸಾವಿರಾರು ಮಕ್ಕಳು ರಾತ್ರಿ ಸ್ಕೂಲಲ್ಲೇ ಮಲಗಬೇಕಾಯ್ತು. ಹಿಂದಿನ ದಿನ ರಸ್ತೆಗೆ ಉಪ್ಪುನೀರು ಹೊಡೆದಿರ್ತಾರಲ್ಲ ಅಂತ ಕೆಲವರು ಧೈರ್ಯ ಮಾಡ್ತಾರೆ, ಆದ್ರೆ ಮೊದಲು ಮಳೆ ಬಂದ್ರೆ ಆ ಉಪ್ಪು ತೊಳೆದು ಹೋಗತ್ತೆ, ಚಳಿ ಮೈನಸ್ 9–10ಕ್ಕೆ ಇಳಿದ್ರೆ ಉಪ್ಪೂ ಅಷ್ಟಾಗಿ ಕೆಲಸ ಮಾಡಲ್ಲ. ಸೇತುವೆ, ಫ್ಲೈಓವರ್ ಮೊದಲು ಹೆಪ್ಪುಗಟ್ಟೋದು, ಯಾಕಂದ್ರೆ ಅವಕ್ಕೆ ಕೆಳಗಿನಿಂದಲೂ ತಣ್ಣನೆ ಗಾಳಿ ತಾಗತ್ತೆ.

ಸ್ಲೀಟ್ ಅಂದ್ರೆ ನಮ್ಮ ಆಲಿಕಲ್ಲು ಮಳೆನೇ ಅಲ್ವಾ?
– ಕಾಲೇಜು ವಿದ್ಯಾರ್ಥಿ, ಕಲಬುರಗಿ

ಅಲ್ಲ. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳ ಸೆಕೆಲಿ ಗುಡುಗು ಮೋಡ ಎದ್ದು, ಅದರೊಳಗಿನ ಜೋರು ಮೇಲ್ಗಾಳಿ ಹನಿಗಳನ್ನ ತುಂಬಾ ಎತ್ತರಕ್ಕೆ ತಗೊಂಡು ಹೋಗಿ, ಅಲ್ಲಿ ಪದರ ಪದರವಾಗಿ ಐಸ್ ಬೆಳೆದು ಆಲಿಕಲ್ಲು ಆಗತ್ತೆ. ಸ್ಲೀಟ್‌ಗೆ ಗುಡುಗು ಬೇಕಾಗಿಲ್ಲ, ನೆಲದ ಹತ್ರದ ಚಳಿಲಿ ಮಳೆಹನಿ ಗಟ್ಟಿಯಾದ್ರೆ ಸಾಕು, ಸಾಸಿವೆಯಿಂದ ಬಟಾಣಿಯೊಳಗಿನ ಸೈಜು. ಆಲಿಕಲ್ಲು ಮಾವಿನಕಾಯಿ, ದ್ರಾಕ್ಷಿ ಹಾಳು ಮಾಡತ್ತೆ, ಸ್ಲೀಟ್ ರಸ್ತೆನ.

ಮಗಳ ಬಾಣಂತನಕ್ಕೆ ಜನವರಿಲಿ ರಾಲಿಗೆ ಹೋಗ್ತಿದೀನಿ. ಐಸ್ ಬಿದ್ದು ಕರೆಂಟ್ ಹೋದ್ರೆ ಮಗು ಇರೋ ಮನೇಲಿ ಏನು ಮಾಡೋದು, ಇದ್ದಿಲು ಒಲೆ ಹಚ್ಚಬಹುದಾ?
– ಗೃಹಿಣಿ, ಹಾಸನ

ಮನೆಯೊಳಗೆ ಇದ್ದಿಲು ಖಂಡಿತ ಬೇಡಮ್ಮ, ಈ ಒಂದು ಮಾತು ದಯವಿಟ್ಟು ನೆನಪಿಟ್ಕೊಳ್ಳಿ. ನಮ್ಮ ಹಳೇ ಮನೆಗಳಲ್ಲಿ ಹೆಂಚಿನ ಸಂದಿಲಿ ಹೊಗೆ, ಗಾಳಿ ಎಲ್ಲಾ ಹೊರಗೆ ಹೋಗ್ತಿತ್ತು, ಬಾಣಂತಿ ಕೋಣೆಲಿ ಕೆಂಡ ಇಟ್ರೂ ನಡೀತಿತ್ತು. ಅಲ್ಲಿನ ಮನೆ ಚಳಿಗೆ ಅಂತ ಬಿಗಿಯಾಗಿ ಮುಚ್ಚಿ ಕಟ್ಟಿರೋದು, ಕಾರ್ಬನ್ ಮೊನಾಕ್ಸೈಡ್ ಒಳಗೇ ತುಂಬ್ಕೊಳ್ಳತ್ತೆ, ಅದಕ್ಕೆ ವಾಸನೆ ಇಲ್ಲ ಬಣ್ಣ ಇಲ್ಲ. 2002ರ ಆ ಐಸ್ ಸ್ಟಾರ್ಮ್‌ನಲ್ಲಿ ಶಾರ್ಲೆಟ್ ಇರೋ ಮೆಕ್ಲೆನ್‌ಬರ್ಗ್ ಕೌಂಟಿ ಒಂದರಲ್ಲೇ ನೂರಕ್ಕೂ ಹೆಚ್ಚು ಜನಕ್ಕೆ ಈ ವಿಷಗಾಳಿ ತಾಗಿತ್ತು, ಒಳಗೆ ಇದ್ದಿಲು ಉರಿಸಿದ್ದು, ಜನರೇಟರ್ ಓಡಿಸಿದ್ದೇ ಮುಖ್ಯ ಕಾರಣ. ಜನರೇಟರ್ ಇದ್ರೆ ಮನೆಯಿಂದ 20 ಅಡಿ ದೂರ, ಹೊರಗಡೆ ಇಡಬೇಕು, ಗ್ಯಾರೇಜ್ ಬಾಗಿಲು ತೆಗೆದಿದ್ರೂ ಗ್ಯಾರೇಜಲ್ಲಿ ಬೇಡ.

ಐಸ್ ಸ್ಟಾರ್ಮ್ ಬರೋಕೆ ಮುಂಚೆ ಕುಡಿಯೋ ನೀರು ತುಂಬಿಡಿ, ಫ್ಲಾಸ್ಕಲ್ಲಿ ಬಿಸಿನೀರು ಇಟ್ಕೊಳ್ಳಿ, ಮಗುವಿನ ಸಾಮಾನು ಔಷಧಿ ತಂದಿಡೋಕೆ ಹೇಳಿ, ಫೋನ್ ಚಾರ್ಜ್ ಇರಲಿ. ಕರೆಂಟ್ ಹೋದ ಮೇಲೆ ಒಂದೇ ರೂಮಲ್ಲಿ ಎಲ್ಲರೂ ಇದ್ದು ಬಾಗಿಲು ಹಾಕ್ಕೊಂಡ್ರೆ ಮೈ ಶಾಖಕ್ಕೇ ಸ್ವಲ್ಪ ಬೆಚ್ಚಗಿರತ್ತೆ. ನಲ್ಲಿ ಸಣ್ಣಗೆ ಹನೀತಾ ಇರಲಿ, ಪೈಪ್ ಒಡೆಯಲ್ಲ. ಹಾಲು ತರೋಕೆ ಅಂತ ಬೆಳಗ್ಗೆನೇ ಹೊರಗೆ ಹೋಗ್ಬೇಡಿ, ಮೆಟ್ಟಿಲು ಒದ್ದೆ ಥರ ಕಂಡ್ರೂ ಐಸ್ ಇರತ್ತೆ, ಸೊಂಟ ಮುರ್ಕೊಂಡೋರು ಬಹಳ ಜನ. ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಬ್ಯಾಟರಿದು ಇದೆಯಾ ಅಂತ ಅಳಿಯಂದಿರ ಹತ್ರ ಈಗ್ಲೇ ಕೇಳಿ, ಇಲ್ಲದಿದ್ರೆ ತರಿಸಿ. ಒಂದೇ ಹೊತ್ತಿಗೆ ಮನೇಲಿ ಎಲ್ಲರಿಗೂ ತಲೆನೋವು, ತಲೆಸುತ್ತು, ವಾಂತಿ ಬಂದಂಗೆ ಆದ್ರೆ ಚಳಿ ಅಂತ ಯೋಚನೆ ಮಾಡದೆ ಮಗು ಎತ್ಕೊಂಡು ಹೊರಗೆ ಬಂದು ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ.